ಪಡಸಾಲೆಯ ಕೊಂಡಿ, ಕರೆಂಟಿನ ಡಬ್ಬಿ

ನಾನು ಹುಟ್ಟಿದ್ದು ಈ ಮನೆಯಲ್ಲಿ, ಮದುವೆಯಾಗಿ ಉಳಿದಿದ್ದೂ ಈ ಮನೆಯಲ್ಲೇ. ಗಂಡನೇ ನಮ್ಮ ಮನೆಗೆ ಬಂದ. ಮನೆಯಳಿಯ ಅಂತ ಓಣಿಯ ಮಂದಿ ಒಂದಷ್ಟು ದಿನ ಆಡಿಕೊಂಡರು, ಆಮೇಲೆ ಬೇಸತ್ತು ಬಿಟ್ಟರು. ದುರ್ಗದಬೈಲಿನ ಹಿಂದಿನ ಓಣಿಯಲ್ಲಿ ಎರಡು ಮನೆಗಳ ನಡುವೆ ತುರುಕಿದ ಹಾಗೆ ನಿಂತ ಉದ್ದನೆಯ ಮನೆ ಇದು. ಹೊಸ್ತಿಲು ದಾಟಿದರೆ ಪಡಸಾಲೆ, ಅದರ ಹಿಂದೆ ನಡುಮನೆ, ದೇವರ ಜಗಲಿ, ಕೊನೆಗೆ ಅಡಿಗೆ ಮನೆ. ಕಿಟಕಿ ಎಂಬುದಿಲ್ಲ. ಬೆಳಕು ಬರುವುದು ಮೇಲ್ಮುದ್ದೆಯ, ಅಂದರೆ ಮಣ್ಣಿನ ಮಾಳಿಗೆಯ, ಬೆಳಕಿಂಡಿಯಿಂದ. ಮಧ್ಯಾಹ್ನ ಊಟದ ಹೊತ್ತಿಗೆ ಆ ಬೆಳಕು ಪಡಸಾಲೆಯ ನಡುವೆ ಕಂಬದ ಹಾಗೆ ನಿಲ್ಲುತ್ತದೆ. ನಾನು ಚಿಕ್ಕವಳಿದ್ದಾಗ ಆ ಕಂಬದೊಳಗೆ ಹತ್ತಿಯ ಎಳೆಗಳು ತೇಲುತ್ತಿದ್ದವು, ಕೆಳಗೂ ಬೀಳದೆ ಮೇಲೂ ಹೋಗದೆ. ಈಗ ತೇಲುವುದು ಬರೀ ಧೂಳು. ಉಂಡು ಅಲ್ಲೇ ಚಾಪೆಯ ಮೇಲೆ ಅಡ್ಡಾದರೆ, ಅರೆನಿದ್ದೆಯಲ್ಲಿ ಯಾವುದು ಹತ್ತಿ, ಯಾವುದು ಧೂಳು ತಿಳಿಯುವುದಿಲ್ಲ. ತಲೆಯ ಮೇಲಿನ ತೊಲೆಯಲ್ಲಿ ಒಂದು ದಪ್ಪ ಕಬ್ಬಿಣದ ಕೊಂಡಿ ಇದೆ. ಅಪ್ಪನ ಕಾಲದಲ್ಲಿ ಅದಕ್ಕೆ ದೊಡ್ಡ ತಕ್ಕಡಿ ತೂಗುತ್ತಿತ್ತು. ಆಮೇಲೆ ಅದೇ ಕೊಂಡಿಯೊಳಗಿಂದ ನನ್ನ ಸೊಸೆಯ ಕಂಪ್ಯೂಟರಿನ ವೈರು ಇಳಿದು ಬಂತು. ನಾನು ಹೇಳಹೊರಟಿದ್ದು ಆ ಎರಡು ಕಾಲದ ಮಾತು.

ನಮ್ಮಪ್ಪನದು ಹತ್ತಿ ಅಡತಿ, ರೈತರ ಹತ್ತಿ ಮಾರಿಸಿಕೊಡುವ ದಲಾಲಿ. ರೈತರ ಮಾಲು ಚಕ್ಕಡಿಯಲ್ಲಿ ಬಂದು ಈ ಪಡಸಾಲೆಯಲ್ಲಿ ಬೀಳುತ್ತಿತ್ತು, ಇಲ್ಲೇ ತೂಕ, ಇಲ್ಲೇ ಹರಾಜಿನ ಸವಾಲು, ಇಲ್ಲೇ ಜಗಳ. ಮನೆಯಲ್ಲಿ ತೂಕದ ಹುಚ್ಚು ಹೇಗಿತ್ತೆಂದರೆ, ಬೆಲ್ಲದ ಪೆಂಟೆ ಬರಲಿ, ತಾಮ್ರದ ತಂಬಿಗೆ ಬರಲಿ, ಒಂದು ಬದನೆಕಾಯಿಯೇ ಬರಲಿ, ಅಪ್ಪ ಅದನ್ನು ನನ್ನ ಅಥವಾ ತಮ್ಮ ಬಸಣ್ಣನ ಎಡಗೈಯಲ್ಲಿ ಇಡುತ್ತಿದ್ದ. ಕಣ್ಣು ಮುಚ್ಚಬೇಕು, ಉಸಿರು ಬಿಡಬೇಕು, ತೂಕ ಹೇಳಬೇಕು. ಎಡಗೈಯೇ ಏಕೆ ಅಂದರೆ ಬಲಗೈಗೆ ಲಿಂಗಪೂಜೆಯ ವಿಭೂತಿ ಹತ್ತಿರುತ್ತದೆ, ಅದರಿಂದ ವ್ಯಾಪಾರ ಮಾಡಬಾರದು ಅಂತ ಅವನ ಲೆಕ್ಕ. ಖರೇ ಸಾಲಿಯನ್ನು ನನಗೆ ಮೂರನೇ ಇಯತ್ತೆಗೇ ಬಿಡಿಸಿದರು. ನನಗೆ ಸಾಲಿ ಅಂದರೆ ಈ ಎಡಗೈಯೇ. ಬಸಣ್ಣನಿಗಿಂತ ನನ್ನ ಕೈ ಛಲೋ ಇತ್ತು. ಅದನ್ನು ಅವನು ಈಗಲೂ ಒಪ್ಪುವುದಿಲ್ಲ.

ಆದರೆ ಅಂಡಿಗೆಗೆ ಕೈತೂಕ ನಡೆಯುವುದಿಲ್ಲ. ಅಂಡಿಗೆ ಅಂದರೆ ಹತ್ತಿ ತುರುಕಿ ಬಾಯಿ ಹೊಲಿದ ದೊಡ್ಡ ಚೀಲ, ನಿಂತ ಆಳಿಗಿಂತ ಎತ್ತರ. ತೂಕ ಹೆಚ್ಚು ಬರಲಿ ಅಂತ ಅದರ ಹೊಟ್ಟೆಯೊಳಗೆ ಕಲ್ಲು ಹುಗಿಯುವವರಿದ್ದರು. ಸಂಶಯ ಬಂದರೆ ಅಪ್ಪ ಹೊಲಿಗೆ ಬಿಚ್ಚಿ, ನನ್ನ ಎರಡೂ ರಟ್ಟೆ ಹಿಡಿದು ಒಳಗೆ ಇಳಿಸುತ್ತಿದ್ದ. ಬಸಣ್ಣ ಅಳುತ್ತಿದ್ದ, ನಾನು ಅಳುತ್ತಿರಲಿಲ್ಲ, ಅದಕ್ಕೇ ನಾನು. ಒಳಗೆ ಇಳಿಯುತ್ತಿದ್ದ ಹಾಗೆ ಓಣಿಯ ಸಪ್ಪಳ, ಎತ್ತಿನ ಗಂಟೆ, ಅವ್ವನ ಕೂಗು ಎಲ್ಲ ಒಂದೊಂದೇ ಆರಿಹೋಗುತ್ತಿದ್ದವು. ಸುತ್ತ ಬಿಳುಪು. ಬಿಸಿಲಿನಲ್ಲಿ ಬಂದ ಹತ್ತಿ ಒಳಗೆ ಬೆಚ್ಚಗಿರುತ್ತದೆ, ಮಲಗಿದ ದನದ ಹೊಟ್ಟೆಯ ಹಾಗೆ. ಕಿವಿಯೊಳಗೆ ನನ್ನದೇ ರಕ್ತ ಗುಂಯ್ ಎನ್ನುತ್ತಿತ್ತು. ಎಷ್ಟು ಹೊತ್ತು ಅಲ್ಲಿರುತ್ತಿದ್ದೆನೋ ಗೊತ್ತಾಗುತ್ತಿರಲಿಲ್ಲ. ಕಾಲಿನಿಂದ ತಡಕುತ್ತಾ ತಡಕುತ್ತಾ ನಿದ್ದೆ ಬಂದ ಹಾಗಾಗುತ್ತಿತ್ತು. ಬಹಳ ದೂರದಿಂದ ಅಪ್ಪನ ದನಿ ಬರುತ್ತಿತ್ತು.

"ಗಂಗಾ, ಏನರ ಸಿಕ್ತೇನ?"

"ಇಲ್ಲಪ್ಪಾ."

"ತಳಾ ಮುಟ್ಟಿದೇನ?"

"ಇನ್ನೂ ಇಲ್ಲ."

"ಹಂಗಾರ ಇಲ್ಲ ಅನಬ್ಯಾಡ. ತಳಾ ಮುಟ್ಟು, ಆಮ್ಯಾಲ ಹೇಳು."

ಅಡಿಗೆ ಮನೆಯೊಳಗೆ ಅವ್ವನದು ಬೇರೆ ರಾಜ್ಯ. ಶ್ರಾವಣದ ಸೋಮವಾರಗಳಲ್ಲಿ ನಮ್ಮಲ್ಲಿ ದಾಸೋಹ ನಡೆಯುತ್ತಿತ್ತು. ಹಮಾಲರು, ಚಕ್ಕಡಿಯವರು, ಮಠದ ಅಯ್ಯನೋರು, ಓಣಿಯ ಮುದುಕಿಯರು ಎಲ್ಲರೂ ಇದೇ ಪಡಸಾಲೆಯಲ್ಲಿ ಪಂಕ್ತಿ ಕೂಡುತ್ತಿದ್ದರು. ಅಪ್ಪ ಒಳಗೆ ಬಂದು ಇಷ್ಟು ಮಂದಿ ಬರುತ್ತಾರೆ ಅಂತ ಒಂದು ಅಂಕಿ ಹೇಳಿ ಹೋಗುತ್ತಿದ್ದ. ಅವ್ವ ಆ ಅಂಕಿಯನ್ನು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. ಯಾರು ಯಾರು ಅಂತ ಕೇಳುತ್ತಿದ್ದಳು. ಹಮಾಲರು ರೊಟ್ಟಿ ಉಣ್ಣುತ್ತಾರೆ, ಹಲ್ಲಿಲ್ಲದವರು ಅನ್ನ ಸಾರು ಸುರಿದುಕೊಳ್ಳುತ್ತಾರೆ, ಹುಡುಗರು ಹುಗ್ಗಿಯ ಮೇಲೇ ಕಣ್ಣಿಡುತ್ತಾರೆ. ಒಬ್ಬೊಬ್ಬರ ಹೊಟ್ಟೆ ನೆನೆಸಿಕೊಂಡು ಒಂದೊಂದು ಪಾತ್ರೆ ಇಡುತ್ತಿದ್ದಳು. ಕೊನೆಗೆ ಪ್ರತಿಯೊಂದಕ್ಕೂ ಒಂದು ಸೌಟು ಮೇಲೆ. ಆ ಮೇಲಿನ ಸೌಟಿಗಾಗಿ ಅಪ್ಪನಿಗೂ ಅವಳಿಗೂ ಪ್ರತಿ ಸಲ ಜಗಳ.

"ಉಳಿದದ್ದ ಯಾರು ಉಣಬೇಕ ನಾಳಿ?"

"ನಾ ಉಣತೇನಿ. ಗಡಿಗಿ ತಳಾ ಕೆರೆಯೋ ಸಪ್ಪಳ ಮಾತ್ರ ಪಡಸಾಲಿಗೆ ಕೇಳಬಾರದು."

ಒಂದು ವರ್ಷ ಅವ್ವ ಬಾಣಂತಿ, ಅಪ್ಪನೇ ಅಂಕಿ ಹೇಳಿ ಸೋದರತ್ತೆಯಿಂದ ಅಡಿಗೆ ಮಾಡಿಸಿದ. ರೊಟ್ಟಿ ಗುಡ್ಡದಷ್ಟು, ಸಾರು ಅರ್ಧ ಪಂಕ್ತಿಗೇ ಮುಗಿಯಿತು. ಸೌಟು ತಳ ಕೆರೆದ ಆ ಸಪ್ಪಳಕ್ಕೆ ಉಣ್ಣುತ್ತಿದ್ದವರ ಕೈ ನಿಂತಿದ್ದು ನನಗೆ ಇನ್ನೂ ಕಾಣುತ್ತದೆ. ಅಪ್ಪ ಅವತ್ತು ಉಣ್ಣದೆ ಎದ್ದು ಹೋದ.

ಇನ್ನು ಸೊಸೆಯ ಕಾಲ. ಅಪ್ಪ ತೀರಿಕೊಂಡಾಗ ಮನೆ ನನಗೆ ಬಂತು, ಪಡಸಾಲೆ ಮಾತ್ರ ಬಸಣ್ಣನ ಪಾಲಿಗೆ. ವ್ಯಾಪಾರದ ಜಾಗ ಗಂಡುಮಗನಿಗೆ ಅಂತ. ಬಸಣ್ಣ ಬೈರಿದೇವರಕೊಪ್ಪದಲ್ಲಿ ಹೊಸ ಮನೆ ಕಟ್ಟಿಕೊಂಡು ಹೋದ, ಪಡಸಾಲೆ ನಮಗೇ ಬಿಟ್ಟಿದ್ದ. ನನ್ನ ಮಗ ಇಲ್ಲೇ ಹತ್ತಿರದ ಬೇಲೂರಿನ ಕಾರ್ಖಾನೆಗೆ ಶಿಫ್ಟಿಗೆ ಹೋಗುವವನು. ಅವನ ಹೆಂಡತಿ ಸುವರ್ಣಾ ಸುಮ್ಮನೆ ಕೂಡುವ ಜಾತಿಯಲ್ಲ. ಟೈಪಿಂಗ್ ಕಲಿತಿದ್ದಳು, ತವರಿನವರು ಕೊಟ್ಟ ಬಂಗಾರದ ಪಾಟ್ಲಿ ಬಳೆ ಮಾರಿ ಒಂದು ಕಂಪ್ಯೂಟರ್ ತಂದು ಕೊಂಡಿಯ ಕೆಳಗೆ ಇಟ್ಟಳು. ಲಗ್ನಪತ್ರಿಕೆ, ವಾಸ್ತುಶಾಂತಿಯ ಕಾರ್ಡು, ಸಂಘಗಳ ಪಾವತಿ ಪುಸ್ತಕ, ಎಲ್ಲ ಅಕ್ಷರ ಕೂಡಿಸಿ ಪ್ರೆಸ್ಸಿಗೆ ಕೊಡುವುದು. ಪಾಟ್ಲಿ ಮಾರಿದ್ದಕ್ಕೆ ನಾನು ಬೈದೆ. ಅವಳು ಬೈಸಿಕೊಂಡು ಕೆಲಸ ಮಾಡಿದಳು. ಒಂದು ದಿನ ಮಧ್ಯಾಹ್ನ ಚಾಪೆಯ ಮೇಲೆ ಕಣ್ಣು ಹತ್ತುವಾಗ ಆ ಪೆಟ್ಟಿಗೆಯ ಫ್ಯಾನಿನ ಗುಂಯ್ ಸಪ್ಪಳ ಕೇಳಿ, ನಾನು ಮತ್ತೆ ಅಂಡಿಗೆಯೊಳಗೆ ಇಳಿದ ಹಾಗಾಯಿತು. ಅವತ್ತಿನಿಂದ ಬೈಯುವುದು ಬಿಟ್ಟೆ. ಕಾರಣ ಅವಳಿಗೆ ಹೇಳಲಿಲ್ಲ, ಹೇಳಿದ್ದರೂ ಅವಳಿಗೇನು ತಿಳಿಯಬೇಕು.

ಕೆಲವು ವರ್ಷದಲ್ಲಿ ಗಂಡು ಹೆಣ್ಣಿನ ಫೋಟೋ ಹಾಕಿದ ಬಣ್ಣದ ಪತ್ರಿಕೆಗಳು ಬಂದವು. ಹಳೆಯ ಕಂಪ್ಯೂಟರ್ ಒಂದು ಫೋಟೋ ತೆರೆಯುವಷ್ಟರಲ್ಲಿ ನಾನು ಒಲೆಯ ಮೇಲೆ ಅಕ್ಕಿ ಇಟ್ಟು ಬಸಿದು ಬರಬಹುದಿತ್ತು. ಗಿರಾಕಿ ಬೇರೆ ಕಡೆ ಹರಿಯತೊಡಗಿದರು. ಅದೇ ಹೊತ್ತಿಗೆ ಒಬ್ಬ ಮೊಬೈಲ್ ಅಂಗಡಿಯವನು ಬಸಣ್ಣನ ಬೆನ್ನು ಹತ್ತಿದ್ದ, ಪಡಸಾಲೆ ಬಾಡಿಗೆಗೆ ಕೊಡ್ರಿ ಅಂತ. ಬಸಣ್ಣ ಬಂದು, ಕೂಡದೆ, ನಿಂತೇ ಮಾತಾಡಿದ.

"ಅಕ್ಕಾ, ಈ ಯುಗಾದಿತನಕಾ ನೋಡ್ತೇನಿ. ಸುವರ್ಣಾನ ಧಂದೆ ಎದ್ದು ನಿಂತರ ಛಲೋ. ಇಲ್ಲಾಂದ್ರ ಖೋಲಿ ಬಿಡ್ರಿ."

"ಬಿಟ್ಟು ಆಕಿ ಎಲ್ಲಿ ಕುಂದ್ರಬೇಕೋ? ಒಲಿ ಮ್ಯಾಲೆ?"

"ಅದ ನನಗ ಹ್ಯಾಂಗ ಗೊತ್ತಾಗಬೇಕ? ನನ್ನ ಮಗಳ ಲಗ್ನಪತ್ರಿಕಿ ಮೊದಲ ಮಾಡಿ ತೋರಸ್ರಿ, ಫೋಟೋ ಹಾಕಿದ್ದು. ಅದರ ಮ್ಯಾಲೆ ನೋಡೂಣು."

ಸುವರ್ಣಾ ಮಾರನೆಯ ದಿನವೇ ರಿಪೇರಿ ಮಾಡುವ ಮೆಹಬೂಬನನ್ನು ಕರೆಸಿದಳು. ಹೊಸದು ಕೊಳ್ಳುವ ತಾಕತ್ತಿಲ್ಲ, ಇದೇ ಪೆಟ್ಟಿಗೆಯ ಒಳಗಿನದನ್ನೆಲ್ಲ ಬದಲಿಸಬೇಕು. ಹೊಸ ಬೋರ್ಡು, ಹೊಸ ಪ್ರೊಸೆಸರು, ಫೋಟೋ ಹಿಡಿಯುವಷ್ಟು ದೊಡ್ಡ ಡಿಸ್ಕು, ಪ್ರೆಸ್ಸಿಗೆ ಕೊಡಲು ಸೀಡಿ ಬರೆಯುವ ಯಂತ್ರ. ಎಲ್ಲ ಹಾಕಿ ಮುಗಿಸಿದ ಮೆಹಬೂಬ ಹಿಂದಿನ ಮೂಲೆಯಲ್ಲಿದ್ದ ತಗಡಿನ ಡಬ್ಬಿಯೊಂದನ್ನು ಮಾತ್ರ ಮುಟ್ಟಲಿಲ್ಲ. ಗೋಡೆಯ ಕರೆಂಟು ಮೊದಲು ಆ ಡಬ್ಬಿಗೆ ಬರುತ್ತದಂತೆ, ಅದು ಕರೆಂಟನ್ನು ಇಳಿಸಿ ಒಳಗಿನ ಒಂದೊಂದಕ್ಕೂ ಬಡಿಸುತ್ತದಂತೆ. ಎಸ್‌ಎಂಪಿಎಸ್ ಅನ್ನುತ್ತಿದ್ದರು. ನಾನು ಕರೆಂಟಿನ ಡಬ್ಬಿ ಅನ್ನುತ್ತಿದ್ದೆ.

"ಇದ ಹಳೇದ ನಡೀತೈತ್ರಿ ಅವ್ವಾರ," ಅಂದ ಮೆಹಬೂಬ. "ಹೊಸ ಬೋರ್ಡಿಗೆ ನಾಕ ವೈರಿನ ಚೌಕ ಪಿನ್ನು ಬೇಕು, ಇದಕ್ಕ ಇಲ್ಲ. ಒಂದು ಜೋಡಿಸೋ ವೈರು ಹಾಕೇನಿ. ಸುಮ್ನ ಯಾಕ ಖರ್ಚ ಮಾಡ್ತೀರಿ."

ಖರ್ಚು ಬೇಡ ಅಂದವನ ಮಾತು ಯಾರಿಗೆ ಬೇಡ. ಯಂತ್ರ ಓಡಿತು. ಅಕ್ಷರ ಕೂಡಿಸುವಾಗ ಕುದುರೆ. ಫೋಟೋ ತೆರೆದು ಸೀಡಿ ಬರೆಯಲು ಹಚ್ಚಿದರೆ ಮಾತ್ರ ಒಮ್ಮೆಲೇ ಪರದೆ ಕಪ್ಪಾಗುತ್ತಿತ್ತು, ಮತ್ತೆ ಮೊದಲಿನಿಂದ ಏಳುತ್ತಿತ್ತು. ಮಾಡಿದ ಕೆಲಸ ನೀರು ಪಾಲು. ಮನೆಯ ಕರೆಂಟೇ ಸರಿಯಿಲ್ಲ ಅಂತ ಸ್ಟೆಬಿಲೈಸರ್ ತಂದೆವು. ಮಗ ಗೋಡೆಯ ಸಾಕೆಟ್ ಬದಲಿಸಿದ. ನಾನು ಅಮಾವಾಸ್ಯೆಗೆ ನಿಂಬೆಹಣ್ಣು ಕಟ್ಟಿದೆ. ಏನೂ ಆಗಲಿಲ್ಲ. ಕೊನೆಗೆ ಡಬ್ಬಿಯೇ ಸಾಲದಾಗಿದೆ ಅಂತ ಮೆಹಬೂಬನೂ ಒಪ್ಪಿದ. ಹೊಸ ಡಬ್ಬಿ ತರಲು ಬಸಣ್ಣನೇ ಹೊರಟ.

"ವ್ಯಾಪಾರ ನಾ ಮಾಡ್ತೇನಿ. ನಿಮಗ ಟೋಪಿ ಹಾಕ್ತಾರ."

ನಾನೂ ಹೋದೆ. ಅವನನ್ನು ಒಬ್ಬನನ್ನೇ ಕಳಿಸುವಷ್ಟು ದಡ್ಡಿ ನಾನಲ್ಲ. ಕಂಪ್ಯೂಟರ್ ಸಾಮಾನಿನ ಅಂಗಡಿಯವನು ಗಲ್ಲೆಯ ಮೇಜಿನ ಮೇಲೆ ಮೂರು ನಾಲ್ಕು ಡಬ್ಬಿ ಸಾಲಾಗಿ ಇಟ್ಟ. ಎಲ್ಲದರ ಮೇಲೂ ಬಣ್ಣದ ಚೀಟಿ, ಎಲ್ಲದರ ಮೇಲೂ ಹಳೆಯದಕ್ಕಿಂತ ದೊಡ್ಡ ದೊಡ್ಡ ವ್ಯಾಟು. ನನಗೆ ಅಂಕಿ ಓದಲು ಬರುತ್ತದೆ, ಅರ್ಥ ಬರುವುದಿಲ್ಲ. ಬಸಣ್ಣನಿಗೂ ಅಷ್ಟೇ, ಆದರೆ ಅವನು ಕನ್ನಡಕ ಹಾಕಿಕೊಂಡು ಓದಿದವನ ಹಾಗೆ ನಿಂತ. ಆಮೇಲೆ ಒಂದು ಡಬ್ಬಿ ಎತ್ತಿ ಎಡಗೈಯಲ್ಲಿ ಇಟ್ಟುಕೊಂಡ, ಕಣ್ಣು ಮುಚ್ಚಿದ. ನಾನೂ ಇನ್ನೊಂದನ್ನು ಎತ್ತಿ ಕಣ್ಣು ಮುಚ್ಚಿದೆ. ಹೊರಗೆ ಸಂತೆಯ ಗದ್ದಲ. ತರಕಾರಿಯವರ ಕೂಗು, ಸ್ಕೂಟರಿನ ಹಾರ್ನು. ಕಣ್ಣು ಮುಚ್ಚಿದ ಕೂಡಲೇ ಅದೆಲ್ಲ ಹಿಂದೆ ಸರಿದು, ಎಳೆಗಳು ತೇಲುವ ಆ ಬೆಳಕಿನ ಕಂಬ ಕಂಡಿತು. ನಮ್ಮ ಕೈಯಲ್ಲಿ ಬೆಲ್ಲ ಇಟ್ಟು ಅಪ್ಪ ಕಾಯುತ್ತಾ ನಿಂತ ಹಾಗಿತ್ತು. ಕಣ್ಣು ತೆರೆದು ಡಬ್ಬಿ ಅದಲು ಬದಲು ಮಾಡಿಕೊಂಡೆವು. ಅಂಗಡಿಯವನು ಬಾಯಿ ತೆರೆದುಕೊಂಡು ನೋಡುತ್ತಿದ್ದ.

"ಇದ," ಅಂದ ಬಸಣ್ಣ.

"ಹೂಂ, ಇದ," ಅಂದೆ ನಾನು. ಅದು ಉಳಿದೆಲ್ಲಕ್ಕಿಂತ ಭಾರ ಇತ್ತು, ಭಾರ ಇದ್ದರೆ ಮಾಲು ಗಟ್ಟಿ ಅಂತ ನಮ್ಮ ಲೆಕ್ಕ. ನಾವಿಬ್ಬರೂ ಒಂದೇ ಮಾತು ಆಡಿದ್ದು ಅಪ್ಪ ಸತ್ತ ಮೇಲೆ ಅದೇ ಮೊದಲು.

ಮನೆಗೆ ತಂದು ಕೂಡಿಸಿದೆವು. ಬಸಣ್ಣ ಕುರ್ಚಿ ಎಳೆದುಕೊಂಡು ಕುಂತ, ಮಗಳ ಪತ್ರಿಕೆ ತನ್ನ ಕಣ್ಣೆದುರೇ ಆಗಬೇಕು ಅಂತ. ಸುವರ್ಣಾ ಫೋಟೋ ತೆರೆದಳು. ನಮ್ಮ ಕವಿತಾ, ಅವಳ ಪಕ್ಕ ಗಂಡು, ಸುತ್ತ ಬಿಲ್ವದ ಎಲೆಯ ಅಂಚು. ಚೆಂದ ಬಂತು. ಸೀಡಿ ಬರೆಯಲು ಹಚ್ಚಿದಳು. ಯಂತ್ರದ ಸಪ್ಪಳ ಏರುತ್ತಾ ಹೋಯಿತು, ತಟ್ಟನೆ ನಿಂತಿತು. ಪರದೆ ಕಪ್ಪು. ಆ ಕಪ್ಪಿನಲ್ಲಿ ನಮ್ಮ ಮೂವರ ಮುಖ ಮಾತ್ರ ಕಂಡವು.

"ಆತಲ್ಲ," ಅಂದ ಬಸಣ್ಣ, ಮೆಲ್ಲಗೆ. ಸಿಟ್ಟಿನಲ್ಲಿ ಅಂದಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ. ಸುವರ್ಣಾ ಎದ್ದು ಹೋಗಿ ಅಡಿಗೆ ಮನೆಯಲ್ಲಿ ನೀರು ಕುಡಿದಳು. ಬಹಳ ಹೊತ್ತು ಕುಡಿದಳು. ತಿರುಗಿ ಬಂದಾಗ ಅವಳ ಕಣ್ಣು ಪೆಟ್ಟಿಗೆಯ ಮೇಲಿರಲಿಲ್ಲ, ತೊಲೆಯ ಕೊಂಡಿಯ ಮೇಲಿತ್ತು. ಅಲ್ಲಿಂದ ವೈರು ಬಿಚ್ಚಲು ಏಣಿ ಎಲ್ಲಿದೆ ಅಂತ ಯೋಚಿಸುವವರ ನೋಟ ಅದು. ಆಗ ನನ್ನ ಬಾಯಿಯಿಂದ ತಾನಾಗಿ ಬಂದ ಮಾತು ನನ್ನದಲ್ಲ, ಅಪ್ಪನದು.

"ತಳಾ ಮುಟ್ಟಿಲ್ಲ ಇನ್ನೂ. ಮೆಹಬೂಬನ್ನ ಕರೀರಿ. ಆ ಡಬ್ಬಿ ಹೊಟ್ಟಿ ಬಿಚ್ಚಲಿ."

ಮೆಹಬೂಬ ಬಂದ. ವೈರು ಕಿತ್ತು, ಒಳಗೆ ಕರೆಂಟು ಉಳಿದಿರುತ್ತದೆ ಅಂತ ಒಂದು ಚಹಾ ಆಗುವತನಕ ಬಿಟ್ಟು, ತಿರುಪು ತೆಗೆದ. ಒಳಗೆ ಸಣ್ಣ ಸಣ್ಣ ಸುರುಳಿ, ತೆಳ್ಳನೆಯ ತಗಡು, ಬೇಕಾದಷ್ಟು ಖಾಲಿ ಜಾಗ. ಒಂದು ಬದಿಗೆ ಅಂಟು ಹಾಕಿ ಮೆತ್ತಿದ ಕಬ್ಬಿಣದ ಗಟ್ಟಿ. ಅದಕ್ಕೆ ಒಂದು ವೈರೂ ಇಲ್ಲ, ಒಂದು ಕೆಲಸವೂ ಇಲ್ಲ. ಸುಮ್ಮನೆ ಕುಂತಿತ್ತು. ಮೆಹಬೂಬ ಅದನ್ನು ಕಿತ್ತು ನೆಲದ ಮೇಲೆ ಇಟ್ಟ.

"ಇದೇನ್ರಿ ಇದು? ಇಂಥಾದ್ದ ನಾನೂ ನೋಡಿಲ್ಲ. ತೂಕಕ್ಕ ಇಟ್ಟಾರ ನೋಡ್ರಿ, ಮಂದಿ ಎತ್ತಿ ನೋಡ್ತಾರಂತ."

ಬಸಣ್ಣ ನನ್ನನ್ನು ನೋಡಿದ, ನಾನು ಅವನನ್ನು ನೋಡಿದೆ. ಅಂಡಿಗೆಯೊಳಗಿನ ಕಲ್ಲು ಹುಡುಕಿ ಬೆಳೆದವರು ನಾವು. ಇದೇ ಪಡಸಾಲೆ, ಇದೇ ಕೊಂಡಿಯ ಕೆಳಗೆ. ಅಪ್ಪ ಕಲಿಸಿದ್ದರಲ್ಲಿ ಅರ್ಧ ನೆನಪಿಟ್ಟು ಅಂಗಡಿಗೆ ಹೋಗಿದ್ದೆವು. ನನಗೆ ನಗು ತಡೆಯಲಾಗಲಿಲ್ಲ. ಬಸಣ್ಣ ಮೊದಲು ಮುಖ ಸಿಂಡರಿಸಿಕೊಂಡ, ಆಮೇಲೆ ಅವನ ಹೊಟ್ಟೆಯೂ ಕುಣಿಯತೊಡಗಿತು.

"ನಿನ್ನನ್ನ ಒಳಗ ಇಳಿಸಬೇಕಾಗಿತ್ತವಾ ಅಕ್ಕಾ, ಇದರಾಗೂ."

"ನಿನ್ನ ಇಳಸ್ತಿದ್ನಿ. ನೀ ಅಳ್ತಿದ್ದಿ."

ಸುವರ್ಣಾ ನಗಲಿಲ್ಲ. ಅವಳು ಡಬ್ಬಿಯ ಮೇಲಿನ ಚೀಟಿ ಓದುತ್ತಿದ್ದಳು. ನಾವು ಅಂಗಡಿಯಲ್ಲಿ ಓದದೆ ಬಂದಿದ್ದನ್ನು.

"ಅತ್ತಿ, ಇಲ್ಲಿ ಒಟ್ಟು ವ್ಯಾಟ್ ಅಂತ ದೊಡ್ಡದಾಗಿ ಬರದಾರ. ಕೆಳಗ ಒಂದೊಂದು ಲೈನಿಗೂ ಬ್ಯಾರೆ ಬ್ಯಾರೆ ಐತಿ. ಹೊಸ ಬೋರ್ಡು, ಡಿಸ್ಕು, ಸೀಡಿ ಬರಿಯೋದು, ಎಲ್ಲಾ ಹನ್ನೆರಡು ವೋಲ್ಟಿನ ಲೈನಿನ ಮ್ಯಾಲ ಬೀಳತಾವಂತ. ಅದಕ್ಕ ನೋಡ್ರಿ, ಇಷ್ಟ ಕೊಟ್ಟಾರ. ಉಳಿದದ್ದೆಲ್ಲಾ ನಮಗ ಬೇಕಾಗದ ಲೈನಿಗೆ ಐತಿ."

"ಅಂದ್ರ ರೊಟ್ಟಿ ಗುಡ್ಡದಷ್ಟು ಬಡದಾರ. ಸಾರು ಇಲ್ಲ," ಅಂದೆ ನಾನು.

ಅವಳು ಒಂದು ಕ್ಷಣ ನನ್ನನ್ನೇ ನೋಡಿದಳು.

"ಹೂಂ ಅತ್ತಿ. ಅದ ಮತ್ತ."

ಹಾಗಾದರೆ ಇದು ದಾಸೋಹದ ಮಾತೇ, ಹೊಸದೇನಿದೆ? ಅವತ್ತು ಊಟ ಆದ ಮೇಲೆ ಅವಳೂ ನಾನೂ ಬೆಳಕಿನ ಕಂಬದ ಪಕ್ಕ ಕುಂತು ಅವ್ವನ ಲೆಕ್ಕ ಹಾಕಿದೆವು. ಒಟ್ಟು ಎಷ್ಟು ಅಂತಲ್ಲ, ಯಾರು ಯಾರು ಅಂತ. ಪ್ರೊಸೆಸರು ಹಮಾಲ, ಎಲ್ಲಕ್ಕಿಂತ ಹೆಚ್ಚು ಉಣ್ಣುವವನು. ಡಿಸ್ಕು ಏಳುವಾಗ ಮಾತ್ರ ಗಬಗಬ ತಿಂದು ಆಮೇಲೆ ಸುಮ್ಮನಾಗುತ್ತದೆ. ಸೀಡಿ ಯಂತ್ರ ಹುಡುಗರ ಹಾಗೆ, ಬಂದಾಗ ಬರುತ್ತದೆ, ಬಂದರೆ ಬಿಡುವುದಿಲ್ಲ. ಒಂದೊಂದರ ಊಟ ಎಷ್ಟೆಂದು ಸುವರ್ಣಾ ಅವುಗಳ ಮೈಮೇಲೇ ಓದಿ ಹೇಳಿದಳು, ತಿಳಿಯದ್ದನ್ನು ಮೆಹಬೂಬನಿಗೆ ಫೋನು ಮಾಡಿ ಕೇಳಿದಳು. ಅಂಡಿಗೆಗಳು ಬಿದ್ದಿರುತ್ತಿದ್ದ ಜಾಗದಲ್ಲಿ ಕಾಲು ಚಾಚಿ ಕುಂತು, ಕಣ್ಣಿಗೆ ಕಾಣದ ಮಂದಿಗೆ ಅಡಿಗೆ ಹಚ್ಚಿದ ಹಾಗಿತ್ತು. ನಡುನಡುವೆ ನನಗೆ ತೂಕಡಿಕೆ ಬಂದು, ಒಳಗೆ ಅವ್ವ ಸೌಟು ಇಟ್ಟ ಸದ್ದು ಕೇಳಿದ ಹಾಗೂ ಆಯಿತು.

ಸಂಜೆ ಮೂವರೂ ಮತ್ತೆ ಅಂಗಡಿಗೆ ಹೋದೆವು. ಬಸಣ್ಣ ಕಬ್ಬಿಣದ ಗಟ್ಟಿಯನ್ನು ಗಲ್ಲೆಯ ಮೇಲೆ ಇಟ್ಟ. ಅಂಗಡಿಯವನ ಮುಖ ಸಣ್ಣದಾಯಿತು.

"ನಮಗೂ ಹಂಗ ಬಂದೈತ್ರಿ ಮಾಲು. ನಾವೇನ ಬಿಚ್ಚಿ ನೋಡ್ತೇವೇನ್ರಿ ಸಾಹುಕಾರ."

"ಇನ್ ಮ್ಯಾಲ ನೋಡ್ರಿ," ಅಂದ ಬಸಣ್ಣ.

ಅಂಗಡಿಯವನು ಬೇರೆ ಡಬ್ಬಿ ತೆಗೆದ. ಬಿಚ್ಚಿದರೆ ಗ್ಯಾರಂಟಿ ಹೋಗುತ್ತದೆ ಅಂದ, ಆಯಿತು, ಡಬ್ಬಿಯ ಗಾಳಿಕಿಂಡಿಯ ಜಾಳಿಗೆಯೊಳಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡಿದೆವು. ದಪ್ಪ ಸುರುಳಿ, ಅಗಲ ತಗಡು, ಇಕ್ಕಟ್ಟಾಗಿ ತುಂಬಿಕೊಂಡಿತ್ತು. ನಾಕು ವೈರಿನ ಚೌಕ ಪಿನ್ನು ಅದರದೇ ಇತ್ತು. ಸುವರ್ಣಾ ಹನ್ನೆರಡರ ಲೈನು ಓದಿ ನಮ್ಮ ಲೆಕ್ಕಕ್ಕೆ ಹೊಂದಿಸಿದಳು.

"ಇದು ಸಾಕ್ರಿ ನಿಮಗ, ಬರೋಬ್ಬರಿ ಆಗ್ತೈತಿ," ಅಂದ ಅಂಗಡಿಯವನು.

"ಬರೋಬ್ಬರಿ ಬ್ಯಾಡ," ಅಂದೆ ನಾನು. "ಇದರ ಮ್ಯಾಗಿಂದು ಕೊಡ್ರಿ. ತಳಾ ಕೆರೆಯೋ ಸಪ್ಪಳ ನಮ್ಮ ಮನ್ಯಾಗ ನಡಿಯೂದಿಲ್ಲ."

ಅವನಿಗೆ ತಿಳಿಯಲಿಲ್ಲ, ಕೊಟ್ಟ. ಅದರೊಳಗೂ ಬೆಳಕು ಬಿಟ್ಟು ನೋಡಿದೆವು. ಬಸಣ್ಣ ಅಭ್ಯಾಸಬಲದಿಂದ ಅದನ್ನು ಎಡಗೈಯಲ್ಲಿ ಹಿಡಿದು ಕಣ್ಣು ಮುಚ್ಚಿದ. ಅವನ ಮುಖ ಇಳಿಯಿತು.

"ಅಕ್ಕಾ, ಅದಕ್ಕಿಂತ ಹಗುರ ಐತಲ್ಲ ಇದು."

"ಕಣ್ಣ ತಗೀ ಬಸ್ಯಾ. ಇದರಾಗ ಕಲ್ಲಿಲ್ಲ."

ಆ ರಾತ್ರಿಯಲ್ಲ, ಮಾರನೆಯ ದಿನ ಮಧ್ಯಾಹ್ನ ಮೆಹಬೂಬ ಬಂದು ಹಾಕಿದ. ಹಳೆಯ ಡಬ್ಬಿಯನ್ನು ಎಸೆಯಲು ಹೋದವನನ್ನು ತಡೆದು ನಾನು ಅಟ್ಟಕ್ಕೆ ಹಾಕಿಸಿದೆ. ಬಸಣ್ಣ ಮತ್ತೆ ಅದೇ ಕುರ್ಚಿಯಲ್ಲಿ. ಸುವರ್ಣಾ ಫೋಟೋ ತೆರೆದಳು, ಅಂಚು ಕೂಡಿಸಿದಳು, ಹೆಸರು ಕೂಡಿಸಿದಳು, ಸೀಡಿ ಬರೆಯಲು ಹಚ್ಚಿದಳು. ಸಪ್ಪಳ ಏರಿತು. ನಾವು ಯಾರೂ ಉಸಿರು ಬಿಡಲಿಲ್ಲ. ಸಪ್ಪಳ ಏರಿ, ಏರಿ, ಒಂದೇ ಸಮನಾಗಿ ನಡೆಯಿತು, ಗುಂಯ್ ಅಂತ, ಅಂಡಿಗೆಯ ತಳದಲ್ಲಿ ಕೇಳುತ್ತಿತ್ತಲ್ಲ ಹಾಗೆ. ಬೆಳಕಿನ ಕಂಬ ನೆಲದ ಮೇಲೆ ಸ್ವಲ್ಪ ಸರಿಯಿತು. ಆಮೇಲೆ ಯಂತ್ರ ತಾನಾಗಿ ಬಾಯಿ ತೆರೆದು ಸೀಡಿಯನ್ನು ಹೊರಗೆ ಚಾಚಿತು. ಸುವರ್ಣಾ ಅದನ್ನು ತೆಗೆದು ಸೆರಗಿನಿಂದ ಒರೆಸಿ, ಬಸಣ್ಣನ ಕೈಗೆ ಕೊಟ್ಟಳು.

"ತಗೋರಿ ಮಾವಾರ. ಪ್ರೆಸ್ಸಿಗೆ ಕೊಡ್ರಿ."

ಬಸಣ್ಣ ಅದನ್ನು ತಿರುಗಿಸಿ ಮುರುಗಿಸಿ ನೋಡಿದ. ಒಳ್ಳೆಯದಾಯಿತು ಅಂತ ಅವನು ಹುಟ್ಟಿದಾಗಿನಿಂದ ಯಾರಿಗೂ ಅಂದವನಲ್ಲ, ಅವತ್ತೂ ಅನ್ನಲಿಲ್ಲ. ಅಷ್ಟರಲ್ಲಿ ಅವನ ಕಿಸೆಯ ಮೊಬೈಲು ಬಡಿದುಕೊಂಡಿತು. ಆ ಮೊಬೈಲ್ ಅಂಗಡಿಯವನೇ, ಬಾಡಿಗೆಯ ವಿಷಯ. ಯುಗಾದಿ ಹತ್ತಿರ ಬಂತಲ್ಲ ಸಾಹುಕಾರ ಅಂತ ಅವನು ಕೇಳಿದ್ದು ನಮಗೂ ಕೇಳಿಸಿತು. ಬಸಣ್ಣ ಮೇಲೆ ಕೊಂಡಿಯ ಕಡೆ ನೋಡಿದ, ಅದರೊಳಗಿಂದ ಇಳಿದ ವೈರಿನ ಗುಂಟ ಕೆಳಗೆ ನೋಡಿದ.

"ಆ ಖೋಲಿ ಖಾಲಿ ಇಲ್ರಿ," ಅಂದ. "ಅದರಾಗ ನಮ್ಮ ಮಂದಿ ಧಂದೆ ಮಾಡಾಕತ್ತಾರ."

ಸುವರ್ಣಾ ಮುಂದಿನ ಪತ್ರಿಕೆಯ ಕೆಲಸ ತೆರೆದುಕೊಂಡಳು. ನಾನು ಒಳಗೆ ಹೋಗಿ ಚಹಾಕ್ಕೆ ಇಟ್ಟೆ. ಬಸಣ್ಣನಿಗೆ ಸಕ್ಕರೆ ಬೇನೆ, ನಮ್ಮ ಮನೆಯಲ್ಲಿ ಅವನಿಗೆ ಸಪ್ಪೆ ಚಹಾನೇ. ಅವತ್ತು ಅವನ ಬಟ್ಟಲಿಗೆ ಅರ್ಧ ಚಮಚೆ ಹಾಕಿ, ಕಾಣದ ಹಾಗೆ ಕಲಸಿ ಕೊಟ್ಟೆ. ಕುಡಿದ. ನನ್ನ ಕಡೆ ನೋಡಿದ. ತಳದತನಕ ಕುಡಿದು ಬಟ್ಟಲು ಕೆಳಗಿಟ್ಟ.